ಉಪ್ಪಿನ ಪ್ಯಾಕೆಟ್ ಮೇಲೆ ತಾರೀಕು ಬರೆದೆ

ಅಪ್ಪನಿಗೆ 58ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ನನಗೀಗ 46. ಕಳೆದ ಮೇ ತಿಂಗಳಲ್ಲಿ ಉಡುಪಿಯಲ್ಲಿ ಚೆಕಪ್ ಮಾಡಿಸಿದಾಗ ಬಿಪಿ 146/94, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 162. "ಉಪ್ಪು, ಎಣ್ಣೆ ಕಡಿಮೆ ಮಾಡಿ, ಮೂರು ತಿಂಗಳು ಬಿಟ್ಟು ಬನ್ನಿ" ಅಂದರು ಡಾಕ್ಟರು. ಎಲ್ಲರಿಗೂ ಹೇಳುವ ಮಾತೇ, ಅಲ್ವಾ? ಆದರೆ ಈಗ ಎಷ್ಟು ತಿನ್ನುತ್ತಿದ್ದೇವೆ ಅಂತ ಗೊತ್ತಿದ್ದರೆ ತಾನೇ ಕಡಿಮೆ ಮಾಡುವುದು!

ಮನೆಗೆ ಬಂದು ಹೊಸ ಉಪ್ಪಿನ ಪ್ಯಾಕೆಟ್ ಒಡೆದೆ. ಅದರ ಮೇಲೆ ಮಾರ್ಕರ್‌ನಲ್ಲಿ ತಾರೀಕು ಬರೆದೆ. ಮನೆಯಲ್ಲಿ ನಾನು, ಇವರು, ಅತ್ತೆ, ಮೂರೇ ಜನ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಲೆಕ್ಕದಲ್ಲಿ ಒಂದು ಕಿಲೋ 66 ದಿನವಾದರೂ ಬರಬೇಕು. ನಮ್ಮಲ್ಲಿ 38ನೇ ದಿನಕ್ಕೇ ತಳ ಕಂಡಿತು. ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಇದರಲ್ಲಿ ಸೇರಿಲ್ಲ. ಜೂನ್, ಜುಲೈಯಲ್ಲಿ ಮಲ್ಪೆಯ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಆಗ ನಮಗೆಲ್ಲ ಒಣಮೀನೇ ಗತಿ.

ಕುಚ್ಚಲಕ್ಕಿ ಗಂಜಿಯಲ್ಲಿ ತಪ್ಪಿಲ್ಲ, ಅದರ ಬದಿಗೆ ಇಡುವುದರಲ್ಲಿ ಇದೆ. ಉಪ್ಪಿನಕಾಯಿ ಭರಣಿಯನ್ನು ಊಟದ ಮೇಜಿನಿಂದ ಅಟ್ಟಕ್ಕೆ ಏರಿಸಿದೆ. ಬದಲಿಗೆ ಹುರುಳಿ ಚಟ್ನಿ, ಹೆಸರುಕಾಳಿನ ಗಸಿ. ಹುಳಿ ಸ್ವಲ್ಪ ಮುಂದಿದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟು ಗೊತ್ತಾಗುವುದಿಲ್ಲ, ಹಾಗಾಗಿ ಚಟ್ನಿಗೆ ಬಿಂಬುಳಿ ಹಾಕಿ ಅರೆದೆ. ಒಣಮೀನನ್ನು ಬಿಸಿನೀರಲ್ಲಿ ಎರಡು ಸಲ ನೆನೆಸಿ ನೀರು ಚೆಲ್ಲಿದೆ. "ಉಪ್ಪಿಗಿಂತ ರುಚಿಯಿಲ್ಲ ಅಂತ ಸುಮ್ನೆ ಹೇಳಿದ್ದಾ ಮಾರಾಯ್ತಿ?" ಅಂತ ಅತ್ತೆ ವಾರವಿಡೀ ಗೊಣಗಿದರು. ಕಡಿಮೆ ಸೋಡಿಯಂ ಉಪ್ಪು ತರೋಣ ಅಂದರೆ ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಅತ್ತೆಗೆ ಕಿಡ್ನಿ ತೊಂದರೆ. ಅದನ್ನು ಬಿಟ್ಟೆ.

ಎಣ್ಣೆಯದ್ದು ಬೇರೆ ಕಥೆ. ತೆಂಗಿನೆಣ್ಣೆಯಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು, ಅದು ಎಲ್‌ಡಿಎಲ್ ಏರಿಸುತ್ತದೆ. ಇದನ್ನು ನಮ್ಮೂರಲ್ಲಿ ಹೇಳಿದರೆ ಜಗಳಕ್ಕೇ ಬರುತ್ತಾರೆ. ನಾನೂ ಪೂರ್ತಿ ಬಿಟ್ಟಿಲ್ಲ, ಒಗ್ಗರಣೆಗೆ ಒಂದು ಚಮಚ ಇದೆ. ಆಗಸ್ಟಿನಲ್ಲಿ ಹಸಿ ಬಂಗುಡೆ ಮೀನು ಬಂದಾಗ ಮಾತ್ರ ಎಣ್ಣೆಯಲ್ಲಿ ಕಾಯಿಸುವುದು ಬಿಟ್ಟು ಹುಳಿ-ಖಾರದ ಪುಳಿಮುಂಚಿ ಮಾಡಿದೆ. ಬಂಗುಡೆ, ಬೂತಾಯಿಯಲ್ಲಿರುವ ಒಮೆಗಾ-3 ಹೃದಯಕ್ಕೆ ಒಳ್ಳೆಯದು, ಎಣ್ಣೆಯಲ್ಲಿ ಮುಳುಗಿಸಿ ತಿಂದರೆ ಏನು ಬಂತು?

ಎರಡನೇ ಪ್ಯಾಕೆಟ್ 58 ದಿನ ಬಂತು. ಬಿಪಿ 132/84ಕ್ಕೆ ಇಳಿಯಿತು. ಎಲ್‌ಡಿಎಲ್ ಮಾತ್ರ 149ರಲ್ಲೇ ನಿಂತಿತು. ಅಪ್ಪನ ಕಥೆ ಕೇಳಿದ ಡಾಕ್ಟರು ಮಾತ್ರೆ ಶುರು ಮಾಡಿದರು. ಇಷ್ಟೆಲ್ಲ ಮಾಡಿಯೂ ಮಾತ್ರೆಯಾ ಅಂತ ಎರಡು ದಿನ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಈಗ ಮೂರನೇ ಪ್ಯಾಕೆಟ್ ನಡೆಯುತ್ತಿದೆ. ಇದರ ಮೇಲೆ ತಾರೀಕು ಬರೆದದ್ದು ಅತ್ತೆ. ಇವರು ಸಂಜೆ ಹೋಟೆಲಿನಲ್ಲಿ ತಿಂದು ಬರುವ ಗೋಳಿಬಜೆಯ ಲೆಕ್ಕ ಮಾತ್ರ ನಮ್ಮಿಬ್ಬರಿಗೂ ಇನ್ನೂ ಸಿಕ್ಕಿಲ್ಲ.