ಫೋನಿನಲ್ಲಿ ಬಂದ ಮಾತನ್ನು ಕಾಗದಕ್ಕೆ ತಂದ ಬಗೆ

ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಪಾಠ, ಉಳಿದ ಹೊತ್ತಿನಲ್ಲಿ ಪಿಜಿ ವಿದ್ಯಾರ್ಥಿಗಳ ಪ್ರಬಂಧಕ್ಕೆ ಗೈಡ್. ನನ್ನ ಕೆಲಸ ಇಷ್ಟೇ. ರಾಜಕೀಯದ ಬಿಸಿ ಏರಿದ ವರ್ಷಗಳಲ್ಲೂ ಇದನ್ನೇ ಮಾಡಿಕೊಂಡು ಬಂದೆ. ಆಗ ಒಂದು ವಿಷಯ ಬೇಗ ಗೊತ್ತಾಯಿತು. ಒತ್ತಡ ಹಾಕುವವರು ಯಾರೂ ಬರೆದು ಕೊಡುವುದಿಲ್ಲ. ಫೋನ್ ಮಾಡುತ್ತಾರೆ. ಇಲ್ಲವಾದರೆ ಮೀಟಿಂಗ್ ಮುಗಿದ ಮೇಲೆ ಪಕ್ಕಕ್ಕೆ ಕರೆದು, "ಡಾಕ್ಟ್ರೇ, ಇದೊಂದು ಸ್ವಲ್ಪ ನೋಡ್ಕೊಳ್ಳಿ" ಅನ್ನುತ್ತಾರೆ. ಏನು ನೋಡ್ಕೋಬೇಕು ಅನ್ನೋದನ್ನ ಬಾಯಿಬಿಟ್ಟು ಹೇಳುವುದೂ ಕಡಿಮೆ. ನಾಳೆ ವಿಚಾರಣೆ ಬಂದರೆ ಕಾಗದದ ಮೇಲೆ ಇರುವುದು ನನ್ನ ಸಹಿ ಮಾತ್ರ.

ಹಾಗಾಗಿ ನಾನು ಹಿಡಿದುಕೊಂಡ ಪದ್ಧತಿ ಒಂದೇ. ಬಾಯಿಮಾತಿನಲ್ಲಿ ಬಂದದ್ದನ್ನು ಅವತ್ತೇ ಕಾಗದಕ್ಕೆ ತರುವುದು.

ಇದು ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಮರಣ ಪ್ರಮಾಣಪತ್ರದ ವಿಷಯದಲ್ಲಿ. ಸಾವಿನ ಕಾರಣ ಬರೆಯಲು ವಿಶ್ವ ಆರೋಗ್ಯ ಸಂಸ್ಥೆಯ ನಮೂನೆ ಇದೆ. ಮೊದಲ ಭಾಗದ ಮೇಲಿನ ಸಾಲಿನಲ್ಲಿ ಸಾವಿಗೆ ನೇರವಾಗಿ ದಾರಿ ಮಾಡಿದ ತೊಂದರೆ. ಅದು ಯಾವುದರಿಂದ ಬಂತು ಅನ್ನೋದು ಅದರ ಕೆಳಗಿನ ಸಾಲಿನಲ್ಲಿ. ಹೀಗೆ ಇಳಿಯುತ್ತಾ ಹೋದರೆ ಕಟ್ಟಕಡೆಯ ಸಾಲಿನಲ್ಲಿ ಮೂಲ ಕಾರಣ ಬರಬೇಕು. ಜೊತೆಗಿದ್ದ ಬೇರೆ ಕಾಯಿಲೆಗಳಿಗೆ ಎರಡನೇ ಭಾಗ. ದೇಶದ ಅಂಕಿಅಂಶಕ್ಕೆ ಲೆಕ್ಕ ಹಿಡಿಯುವುದು ಮುಖ್ಯವಾಗಿ ಆ ಮೂಲ ಕಾರಣವನ್ನು. ಆದ್ದರಿಂದ ಸಾಂಕ್ರಾಮಿಕ ರೋಗವೊಂದು ಹಬ್ಬುತ್ತಿದೆ, ಸಂಖ್ಯೆ ಕಡಿಮೆ ಕಾಣಬೇಕು ಅಂತ ಮೇಲಿನವರು ಬಯಸಿದಾಗ ಒತ್ತಡವೆಲ್ಲ ಬಂದು ಬೀಳುವುದು ಆ ಒಂದು ಸಾಲಿನ ಮೇಲೆ.

ನನಗೆ ಬಂದ ಸೂಚನೆ ಹೀಗಿತ್ತು. ರೋಗಿಗೆ ಸೋಂಕು ತಗುಲಿ, ನ್ಯುಮೋನಿಯಾ ಆಗಿ, ಉಸಿರಾಟ ವಿಫಲವಾಗಿ ತೀರಿಕೊಂಡಿದ್ದಾರೆ. ಸಕ್ಕರೆ ಕಾಯಿಲೆಯೂ ಇತ್ತು. "ಸಕ್ಕರೆ ಕಾಯಿಲೆ ಮೇಲಕ್ಕೆ ತನ್ನಿ, ಸೋಂಕಿನ ಹೆಸರು ಬೇಡ. ಹೃದಯ ನಿಂತು ಸಾವು ಅಂತ ಬರೆದರೆ ಸಾಕಲ್ವಾ?" ಸಾಕಾಗುವುದಿಲ್ಲ. ಸಾಯುವ ಪ್ರತಿಯೊಬ್ಬರ ಹೃದಯವೂ ನಿಲ್ಲುತ್ತದೆ. ಹೃದಯಸ್ತಂಭನವನ್ನು ಮೂಲ ಕಾರಣ ಅಂತ ಬರೆಯಬಾರದು ಎಂದು ನಮೂನೆ ತುಂಬುವ ನಿಯಮವೇ ಹೇಳುತ್ತದೆ. ನಾನು ವಾದಕ್ಕೆ ಇಳಿಯಲಿಲ್ಲ. ಲ್ಯಾಬ್ ವರದಿ, ಎಕ್ಸ್‌ರೇ ಎರಡೂ ಕೇಸ್ ಶೀಟಿನಲ್ಲಿದ್ದವು. ಅವುಗಳ ಪ್ರಕಾರ ಮೂರು ಸಾಲು ತುಂಬಿದೆ. ಸಕ್ಕರೆ ಕಾಯಿಲೆಯನ್ನು ಎರಡನೇ ಭಾಗದಲ್ಲಿ ಬರೆದು ಸಹಿ ಹಾಕಿದೆ.

ಆಮೇಲೆ ಫೋನ್ ಮಾಡಿದವರಿಗೆ ಒಂದು ಮೇಲ್ ಕಳಿಸಿದೆ. ಅದರ ಒಕ್ಕಣೆ ಇಲ್ಲಿ ಕೊಡುತ್ತೇನೆ. ಬೇಕಾದವರು ಹಾಗೇ ಬಳಸಿಕೊಳ್ಳಬಹುದು. "ಇವತ್ತು ಫೋನಿನಲ್ಲಿ ಮಾತಾಡುವಾಗ ಸಾವಿನ ಕಾರಣವನ್ನು ಬದಲಿಸುವಂತೆ ತಾವು ಸೂಚಿಸಿದಿರಿ ಎಂದು ತಿಳಿದುಕೊಂಡಿದ್ದೇನೆ. ನಾನು ತಿಳಿದದ್ದು ಸರಿಯಿಲ್ಲದಿದ್ದರೆ ದಯವಿಟ್ಟು ತಿಳಿಸಿ. ಪ್ರಮಾಣಪತ್ರವನ್ನು ಲಭ್ಯ ವರದಿಗಳ ಆಧಾರದಲ್ಲಿ ತುಂಬಿದ್ದೇನೆ. ಮರುಪರಿಶೀಲನೆ ಬೇಕಿದ್ದರೆ ಸಮಿತಿಯ ಮುಂದೆ ಇಡಲು ಸಿದ್ಧನಿದ್ದೇನೆ." ಇದರಲ್ಲಿ ಆರೋಪ ಇಲ್ಲ, ಸಿಟ್ಟೂ ಇಲ್ಲ. ಉತ್ತರ ಬರಲಿಲ್ಲ. ಸಮಿತಿಯೂ ಸೇರಲಿಲ್ಲ. ಬರೆದು ಕೊಡಿ ಅಂದ ಕೂಡಲೇ ಅರ್ಧಕ್ಕರ್ಧ ಸೂಚನೆಗಳು ಅಲ್ಲೇ ನಿಂತುಹೋಗುತ್ತವೆ ಅನ್ನೋದನ್ನ ಆಮೇಲೂ ಎಷ್ಟೋ ಸಲ ನೋಡಿದ್ದೇನೆ.

ಒಂದು ಎಚ್ಚರಿಕೆ. ಇಂಥ ಮೇಲ್‌ಗಳಲ್ಲಿ ರೋಗಿಯ ಹೆಸರು ಹಾಕಬಾರದು. ಕೇಸ್ ಶೀಟಿನ ಫೋಟೊ ತೆಗೆದು ಮನೆಗೆ ಒಯ್ಯುವುದೂ ಬೇಡ. ನಮ್ಮನ್ನು ಕಾಪಾಡಿಕೊಳ್ಳುವ ಆತುರದಲ್ಲಿ ರೋಗಿಯ ಗುಟ್ಟನ್ನು ಬಿಟ್ಟುಕೊಟ್ಟರೆ ನಾವು ನಿಂತಿರುವ ನೆಲವೇ ಕುಸಿಯುತ್ತದೆ. ಅದನ್ನೇ ನೆಪ ಮಾಡಿಕೊಂಡು ಶಿಸ್ತುಕ್ರಮ ತೆಗೆದುಕೊಳ್ಳುವುದೂ ಸುಲಭ. ಯಾರು, ಯಾವಾಗ, ಏನು ಹೇಳಿದರು ಅನ್ನೋದಕ್ಕೆ ನನ್ನದೇ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಅದರಲ್ಲಿ ರೋಗಿಗಳ ವಿವರ ಒಂದೂ ಇರಲಿಲ್ಲ.

ಕ್ಯಾಶುವಾಲ್ಟಿಯ ಒತ್ತಡ ಬೇರೆ ತರಹದ್ದು. ಪ್ರತಿಭಟನೆ ನಡೆದ ದಿನ ಪೆಟ್ಟು ತಿಂದವರು ಬರುತ್ತಾರೆ, ಪೆಟ್ಟು ಕೊಟ್ಟವರ ಕಡೆಯವರೂ ಬರುತ್ತಾರೆ. ಯಾರಿಗೆ ಮೊದಲು ಚಿಕಿತ್ಸೆ ಅನ್ನೋದನ್ನ ಗಾಯ ನಿರ್ಧರಿಸಬೇಕು. 1948ರ ಜಿನೀವಾ ಘೋಷಣೆಯಲ್ಲೇ ಧರ್ಮ, ದೇಶ, ಜನಾಂಗದ ಜೊತೆಗೆ ಪಕ್ಷ ರಾಜಕೀಯವೂ ವೈದ್ಯರ ಕರ್ತವ್ಯದ ನಡುವೆ ಬರಬಾರದು ಅನ್ನುವ ಮಾತಿದೆ. ಎರಡನೇ ಮಹಾಯುದ್ಧದಲ್ಲಿ ವೈದ್ಯರೇ ಮಾಡಿದ ಅಪರಾಧಗಳನ್ನು ಕಂಡ ಮೇಲೆ ಬರೆದ ಪ್ರತಿಜ್ಞೆ ಅದು. ಅಲ್ಲಿ ಆ ಪದ ಸುಮ್ನೆ ಬಂದು ಕೂತಿಲ್ಲ.

ಗಾಯಗಳನ್ನು ದಾಖಲಿಸುವಾಗ ನಾನು ಇಸ್ತಾಂಬುಲ್ ಪ್ರೋಟೊಕಾಲ್ ಪಕ್ಕದಲ್ಲಿಟ್ಟುಕೊಂಡೆ. ಚಿತ್ರಹಿಂಸೆಯ ದೂರುಗಳನ್ನು ತನಿಖೆ ಮಾಡುವುದಕ್ಕೆ ಮತ್ತು ದಾಖಲಿಸುವುದಕ್ಕೆ 1999ರಲ್ಲಿ ಬಂದ ಕೈಪಿಡಿ ಅದು, 2022ರಲ್ಲಿ ಪರಿಷ್ಕರಣೆಯಾಯಿತು. ಗಾಯಕ್ಕೂ ರೋಗಿ ಹೇಳುವ ಘಟನೆಗೂ ಎಷ್ಟು ಹೊಂದಿಕೆ ಇದೆ ಅನ್ನೋದಕ್ಕೆ ಅದರಲ್ಲಿ ಐದು ಮೆಟ್ಟಿಲುಗಳಿವೆ. ಹೊಂದುವುದಿಲ್ಲ ಅನ್ನುವಲ್ಲಿಂದ ಶುರುವಾಗಿ, ಹೊಂದುತ್ತದೆ, ಬಹಳವಾಗಿ ಹೊಂದುತ್ತದೆ, ಇಂಥ ಪೆಟ್ಟಿನಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು, ಇದರಿಂದಲೇ ಆದದ್ದು ಅನ್ನುವವರೆಗೆ. ಇದರಿಂದ ಆಗುವ ದೊಡ್ಡ ಉಪಕಾರ ಏನು ಗೊತ್ತಾ? "ಪೊಲೀಸರು ಹೊಡೆದರು" ಅಂತ ನಾನು ಬರೆಯಬೇಕಿಲ್ಲ, "ಬಿದ್ದು ಆದ ಗಾಯ" ಅಂತ ಸುಳ್ಳೂ ಹೇಳಬೇಕಿಲ್ಲ. ಬೆನ್ನಿನ ಮೇಲೆ ಸಮಾನಾಂತರವಾಗಿ ಎರಡು ಕೆಂಪು ಗೆರೆ, ನಡುವೆ ಬಿಳಿಚಿದ ಚರ್ಮ, ಉದ್ದ ಇಷ್ಟು, ಅಗಲ ಇಷ್ಟು. ಕೋಲಿನಂಥ ವಸ್ತುವಿನಿಂದ ಹೊಡೆದರೆ ಇಂಥ ಗುರುತು ಬೀಳುತ್ತದೆ. ರೋಗಿ ಹೇಳಿದ್ದನ್ನು ರೋಗಿಯ ಮಾತಿನಲ್ಲೇ ಬರೆದೆ, ಕಂಡದ್ದನ್ನು ನನ್ನ ಮಾತಿನಲ್ಲಿ ಬರೆದೆ, ಎರಡಕ್ಕೂ ಎಷ್ಟು ಹೊಂದಿಕೆ ಅನ್ನೋದನ್ನ ಬೇರೆಯಾಗಿ ಬರೆದೆ. ಒಂದರಲ್ಲಿ ಇನ್ನೊಂದನ್ನು ಬೆರೆಸಲಿಲ್ಲ.

ಕಾವಲಿನಲ್ಲಿರುವ ರೋಗಿಯನ್ನು ಪರೀಕ್ಷಿಸುವಾಗ ಪೊಲೀಸರು ಹೊರಗಿರಬೇಕು. ಆಗೋದಿಲ್ಲ ಅಂದರೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಮಾತು ಕೇಳಿಸದ ಹಾಗೆ ನಿಲ್ಲಿ ಅಂತ ವಿನಂತಿಸಿದೆ. ಅದಕ್ಕೂ ಒಪ್ಪದಿದ್ದಾಗ "ಪರೀಕ್ಷೆಯ ವೇಳೆ ಕೊಠಡಿಯಲ್ಲಿ ಪೊಲೀಸ್ ಸಿಬ್ಬಂದಿ ಇದ್ದರು" ಅಂತ ವರದಿಯಲ್ಲೇ ಬರೆದೆ. ಹೀಗೆ ಬರೆಯುತ್ತೇನೆ ಅಂತ ಮೊದಲೇ ಹೇಳಿದಾಗ ಕೆಲವರು ತಾವಾಗಿಯೇ ಹೊರಗೆ ಹೋದದ್ದೂ ಉಂಟು. ಗಾಯಾಳುಗಳ ಪಟ್ಟಿ ಕಳಿಸಿ ಅಂತ ಕೇಳಿದವರಿಗೆ, ಕಾನೂನಿನ ಯಾವ ಕಲಂ ಕೆಳಗೆ ಬೇಕು ಅಂತ ಬರೆದು ರೆಕಾರ್ಡ್ ವಿಭಾಗಕ್ಕೆ ಕೊಡಿ ಅಂದೆ. ಕಾನೂನು ಕಡ್ಡಾಯ ಮಾಡಿದ ಮಾಹಿತಿಯನ್ನು ಕೊಡಲೇಬೇಕು, ಕೊಟ್ಟಿದ್ದೇವೆ. ವಾಟ್ಸಾಪ್‌ನಲ್ಲಿ ಹೆಸರು ಕಳಿಸುವುದನ್ನು ಆ ಕಾನೂನು ಹೇಳುವುದಿಲ್ಲ.

ಪಾಠದ ಕೊಠಡಿ ನನಗೆ ಇದಕ್ಕಿಂತ ಕಷ್ಟವಾಯಿತು. ಕ್ಲಾಸಿನಲ್ಲಿ ಎಲ್ಲ ಕಡೆಯ ಮಕ್ಕಳೂ ಕೂತಿರುತ್ತಾರೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಒಂದು ವಾಕ್ಯ ಮಾತ್ರ ಕತ್ತರಿಸಿ ಹಂಚಬಹುದು ಅನ್ನುವ ಅಳುಕು ನನಗೂ ಇತ್ತು. ಹಾಗಂತ ಬಡತನ, ವಸತಿ, ಕುಡಿಯುವ ನೀರು ಬಿಟ್ಟು ರೋಗ ಕಲಿಸುವುದು ಹೇಗೆ? ನಾನು ರುಡಾಲ್ಫ್ ವಿರ್ಚೋ ಕಥೆಯಿಂದ ಶುರು ಮಾಡುತ್ತಿದ್ದೆ. 1848ರಲ್ಲಿ ಪ್ರಷ್ಯಾ ಅನ್ನುವ ಆಗಿನ ಜರ್ಮನ್ ರಾಜ್ಯದ ಸರ್ಕಾರ ಈ 26 ವರ್ಷದ ವೈದ್ಯರನ್ನು ಟೈಫಸ್ ಜ್ವರ ಹಬ್ಬಿದ್ದ ಮೇಲಿನ ಸೈಲೀಷಿಯಾ ಪ್ರದೇಶಕ್ಕೆ ಕಳಿಸಿತು. ಅವರು ವರದಿಯಲ್ಲಿ ರೋಗದ ಲಕ್ಷಣಗಳ ಜೊತೆಗೆ ಹಸಿವು, ಅನಕ್ಷರತೆ, ಆಡಳಿತದ ಉಪೇಕ್ಷೆಯನ್ನೂ ಬರೆದರು. ಮದ್ದಿನ ಜಾಗದಲ್ಲಿ ಶಿಕ್ಷಣ, ಸ್ವಾತಂತ್ರ್ಯ, ಪ್ರಜಾಪ್ರಭುತ್ವ ಬೇಕು ಅಂದರು. ಆ ವರ್ಷದ ಕ್ರಾಂತಿಯಲ್ಲೂ ಭಾಗಿಯಾದರು. ಮರುವರ್ಷ ಬರ್ಲಿನ್ನಿನ ಚಾರಿಟೆ ಆಸ್ಪತ್ರೆಯ ಹುದ್ದೆಯಿಂದ ಅಮಾನತಾದರು. ವುರ್ಟ್ಸ್‌ಬರ್ಗಿಗೆ ಹೋಗಿ ಪ್ರಾಧ್ಯಾಪಕರಾದರು. 1856ರಲ್ಲಿ ಬರ್ಲಿನ್ ಅವರನ್ನು ಮತ್ತೆ ಕರೆಸಿಕೊಂಡಿತು. ಈ ಕಥೆ ಹೇಳಿದ ಮೇಲೆ ಇಂದಿನ ಅಂಕಿಗಳನ್ನು ಬೋರ್ಡಿನ ಮೇಲೆ ಹಾಕಿ, ಇದು ಎಲ್ಲಿಂದ ಬಂತು, ಹೇಗೆ ಎಣಿಸಿದರು ಅಂತ ಮಕ್ಕಳಿಂದಲೇ ಬಿಡಿಸಿ ಹೇಳಿಸುತ್ತಿದ್ದೆ. ನನ್ನ ಅಭಿಪ್ರಾಯ ಹೇಳುವಾಗ ಇದು ನನ್ನ ಅಭಿಪ್ರಾಯ ಅಂತ ಹೇಳಿಯೇ ಮುಂದುವರಿಯುತ್ತಿದ್ದೆ.

ಸಂಶೋಧನೆಯಲ್ಲಿ ಮುಖ್ಯವಾಗಿ ಕಾಪಾಡಬೇಕಾದ್ದು ಡೇಟಾ. 2025ರ ಜನವರಿ ಕೊನೆಯಲ್ಲಿ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಅಧ್ಯಕ್ಷರ ಆದೇಶದ ಮೇಲೆ, ವೈದ್ಯರು ದಿನವೂ ಬಳಸುತ್ತಿದ್ದ ಎಷ್ಟೋ ಪುಟಗಳನ್ನೂ ಡೇಟಾವನ್ನೂ ತೆಗೆದುಹಾಕಿತು. ವೈದ್ಯರ ಸಂಘಟನೆಯೊಂದು ಕೋರ್ಟಿಗೆ ಹೋಯಿತು. ಅವನ್ನು ಮತ್ತೆ ಹಾಕಿ ಅಂತ ಫೆಬ್ರವರಿಯಲ್ಲಿ ನ್ಯಾಯಾಧೀಶರು ಆದೇಶಿಸಿದರು. ಅಷ್ಟು ದೊಡ್ಡ ಸಂಸ್ಥೆಯಲ್ಲೇ ಒಂದು ರಾತ್ರಿಯಲ್ಲಿ ಮಾಹಿತಿ ಮಾಯವಾಗಬಹುದು ಅಂದಮೇಲೆ ನಮ್ಮ ವಿಭಾಗದ ಒಂದು ಕಂಪ್ಯೂಟರ್ ಯಾವ ಲೆಕ್ಕ? ನಾವು ಮಾಡಿದ್ದು ಇಷ್ಟು. ಕೆಲಸ ಶುರುವಾಗುವ ಮೊದಲೇ ಅಧ್ಯಯನದ ಪ್ರಶ್ನೆ, ವಿಧಾನ, ಲೆಕ್ಕಾಚಾರದ ಯೋಜನೆಯನ್ನು ಸಾರ್ವಜನಿಕವಾಗಿ ನೋಂದಾಯಿಸಿದೆವು. ಫಲಿತಾಂಶ ಬಂದ ಮೇಲೆ "ಈ ಪ್ರಶ್ನೆಯನ್ನೇ ಬಿಟ್ಟುಬಿಡಿ" ಅನ್ನುವವರಿಗೆ ತೋರಿಸಲು ಅದರಲ್ಲಿ ತಾರೀಖು ಇರುತ್ತದೆ. ಅನುದಾನ ಕೊಡುವವರ ಜೊತೆಗಿನ ಒಪ್ಪಂದದಲ್ಲಿ, ಫಲಿತಾಂಶ ಏನೇ ಬಂದರೂ ಪ್ರಕಟಿಸುವ ಹಕ್ಕು ನಮ್ಮದು ಅನ್ನುವ ಸಾಲು ಸೇರಿಸಿದೆವು. ಆ ಸಾಲಿಗೆ ಒಪ್ಪದವರ ಹಣ ಬೇಡ ಅಂದೆವು. ಹೆಸರು ತೆಗೆದ ಡೇಟಾದ ಪ್ರತಿಯನ್ನು, ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು, ಹೊರಗಿನ ಭಂಡಾರದಲ್ಲೂ ಇಟ್ಟೆವು.

ಇಷ್ಟೆಲ್ಲ ಮಾಡಲು ನನಗೆ ಆಗಿದ್ದು ನನ್ನ ನೌಕರಿ ಕಾಯಂ ಆಗಿದ್ದರಿಂದ. ಇದನ್ನು ಹೇಳಲೇಬೇಕು. ಗುತ್ತಿಗೆ ಮೇಲಿರುವ ಡಾಕ್ಟರ್, ಪರೀಕ್ಷೆ ಬಾಕಿ ಇರುವ ಪಿಜಿ, ಸ್ಕಾಲರ್‌ಶಿಪ್ ನಂಬಿಕೊಂಡ ವಿದ್ಯಾರ್ಥಿನಿ, ರಾತ್ರಿ ಪಾಳಿಯ ನರ್ಸ್, ಇವರಿಗೆ "ಬರೆದು ಕೊಡಿ" ಅನ್ನುವ ಧೈರ್ಯ ಎಲ್ಲಿಂದ ಬರಬೇಕು? ಇವರಿಗೇ ಮೊದಲು ಫೋನ್ ಬರುವುದು. ಹಿರಿಯರನ್ನು ಬಿಟ್ಟು ಕಿರಿಯರನ್ನು ಹಿಡಿದರೆ ಕೆಲಸ ಬೇಗ ಆಗುತ್ತದೆ ಅಂತ ಒತ್ತಡ ಹಾಕುವವರಿಗೆ ಚೆನ್ನಾಗಿ ಗೊತ್ತು. ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಇದೇ ವಿಷಯಕ್ಕೆ, ಈಗಲೂ ಬರುತ್ತದೆ.

ಒಬ್ಬ ವಿದ್ಯಾರ್ಥಿನಿ ತನ್ನ ಹೆಸರು ಪ್ರಬಂಧದಲ್ಲಿ ಬೇಡ ಅಂದಳು. ಮನೆಯವರಿಗೆ ತೊಂದರೆಯಾಗಬಹುದು ಸರ್, ಅಂದಳು. ಒತ್ತಾಯ ಮಾಡಲಿಲ್ಲ. ಅವಳು ಮಾಡಿದ ಕೆಲಸದ ಬಗ್ಗೆ ಸಹಿ ಹಾಕಿದ ಪತ್ರ ಬರೆದು ಅವಳ ಕೈಗೇ ಕೊಟ್ಟೆ. ಮುಂದೆ ಎಂದಾದರೂ ಬೇಕಾದರೆ ತೋರಿಸಲಿ ಅಂತ.

ವಿಭಾಗದ ಸಭೆಯಲ್ಲಿ ಹಿರಿಯರೆಲ್ಲ ಕೂತು ಒಂದು ನಿಯಮ ಮಾಡಿ ನಡಾವಳಿಯಲ್ಲಿ ಬರೆಸಿದೆವು. ದಾಖಲೆ, ಪ್ರಮಾಣಪತ್ರ, ಡೇಟಾ ಬಗ್ಗೆ ಹೊರಗಿನಿಂದ ಯಾವ ಕರೆ ಬಂದರೂ ಡ್ಯೂಟಿಯಲ್ಲಿರುವ ಕಿರಿಯರು ಉತ್ತರ ಕೊಡುವಂತಿಲ್ಲ. "ಈ ವಿಷಯ ಮಾತಾಡಲು ನನಗೆ ಅಧಿಕಾರ ಇಲ್ಲ, ವಿಭಾಗದ ಹಿರಿಯರ ನಂಬರ್ ಕೊಡುತ್ತೇನೆ" ಅಂದು ಫೋನ್ ಇಡಬೇಕು. ಕರೆ ತೆಗೆದುಕೊಳ್ಳುವ ಸರದಿಯನ್ನು ನಾವು ಹಿರಿಯರು ವಾರಕ್ಕೊಬ್ಬರಂತೆ ಹಂಚಿಕೊಂಡೆವು. ಮೊದಮೊದಲು ಸರದಿಗೆ ಬರಲು ಹಿಂಜರಿದ ಸಹೋದ್ಯೋಗಿಯೊಬ್ಬರು ಒಂದು ರಾತ್ರಿ ಒಳ್ಳೇ ಒರಟಾದ ಕರೆ ತೆಗೆದುಕೊಂಡು, ಮರುದಿನ ಬೆಳಿಗ್ಗೆ ಮೇಲ್ ಕರಡು ತೋರಿಸಿ "ಇಷ್ಟು ಸಾಕಾ ನೋಡಿ" ಅಂತ ಕೇಳಿದರು. ಸಾಕಾಗಿತ್ತು. ಸಮಯ ಹಾಕುವುದೊಂದು ಬಿಟ್ಟಿದ್ದರು, ಸೇರಿಸಿ ಕಳಿಸಿದರು.