ಹಾಳೂರಿನ ಮೇಲೆ ಬಡಾವಣೆ: ನಕ್ಷೆಗೆ ಮುನ್ನ ನೆಲದ ಪರಿಶೀಲನೆ

ಹಳೆಯ ಊರಿದ್ದ ಜಾಗದಲ್ಲಿ ಬಡಾವಣೆ ಬರುವುದಾದರೆ, ನಕ್ಷೆ ಅಂತಿಮವಾಗುವ ಮೊದಲೇ ಪುರಾತತ್ತ್ವ ಪರಿಶೀಲನೆ ಮುಗಿದಿರಬೇಕು. ರಸ್ತೆ, ಚರಂಡಿಗಳ ಗೆರೆ ಬಿದ್ದ ಮೇಲೆ ಅವನ್ನು ಸರಿಸಲು ಯಾರೂ ಒಪ್ಪುವುದಿಲ್ಲ.

ಮೊದಲು ದಾಖಲೆಗಳನ್ನು ನೋಡಬೇಕು. ಕಂದಾಯ ಕಡತಗಳಲ್ಲಿ ‘ಬೇಚಿರಾಕ್’ ಎಂದು ನಮೂದಾದ ಜನವಸತಿಯಿಲ್ಲದ ಗ್ರಾಮಗಳು, ಹಾಳೂರು, ಬೂದಿದಿಬ್ಬ ಎಂಬಂಥ ಹೊಲದ ಹೆಸರುಗಳು, ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿನ ಶಾಸನಗಳು ಇವೆಲ್ಲ ಸುಳಿವು ಕೊಡುತ್ತವೆ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ ಎಂಬುದನ್ನೂ ಆಗಲೇ ಗಮನಿಸಬೇಕು.

ಹೊಲವನ್ನು ಉತ್ತು, ಒಂದು ಮಳೆ ಬಿದ್ದ ಮೇಲೆ ನಡೆದು ನೋಡುವುದು ಒಳ್ಳೆಯದು. ಹಗ್ಗ ಕಟ್ಟಿ 10 ಮೀಟರಿನ ಚೌಕಗಳನ್ನು ಮಾಡಿ, ಪ್ರತಿ ಚೌಕದ ಮಡಕೆ ಚೂರುಗಳನ್ನು ಬೇರೆ ಬೇರೆ ಚೀಲಗಳಲ್ಲಿ ಹಾಕಿ ಎಣಿಸಬೇಕು. ಇಲ್ಲಿ ಮೋಸಹೋಗುವುದು ಸುಲಭ: ಹಾಳೂರಿನ ಬೂದುಮಣ್ಣನ್ನು ರೈತರು ಗೊಬ್ಬರವಾಗಿ ಹೊಲಗಳಿಗೆ ಹೊಡೆಯುವುದುಂಟು, ಅದರೊಡನೆ ಚೂರುಗಳೂ ಹೋಗಿರುತ್ತವೆ. ತೆಳುವಾಗಿ ಹರಡಿದ ಚೂರುಗಳಿಗಿಂತ, ಅವು ಒತ್ತಾಗಿರುವ ಜಾಗದಲ್ಲಿ ಬೂದಿ, ಮೂಳೆ, ಗೋಡೆಯ ಕಲ್ಲುಗಳೂ ಸಿಕ್ಕರೆ ಅದನ್ನೇ ವಸತಿಯ ನೆಲೆಯೆಂದು ಶಂಕಿಸಬೇಕು.

ಆಮೇಲೆ ಪರೀಕ್ಷಾ ಗುಂಡಿಗಳು. ಉತ್ಖನನಕ್ಕೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕಾದ್ದರಿಂದ, ಈ ಹಂತವನ್ನು ರಾಜ್ಯದ ಪುರಾತತ್ತ್ವ ಇಲಾಖೆಗೋ ವಿಶ್ವವಿದ್ಯಾಲಯಕ್ಕೋ ಒಪ್ಪಿಸಬೇಕು. ಅಗೆಯುವುದು ಅಳತೆಪಟ್ಟಿಯ ಆಳದಂತಲ್ಲ, ಮಣ್ಣಿನ ಪದರದಂತೆ. ನಂತರದವರು ತೋಡಿದ ಹಗೇವು (ಧಾನ್ಯ ತುಂಬಿಡುವ ನೆಲಗುಂಡಿ) ಹಳೆಯ ಪದರಗಳನ್ನು ಸೀಳಿಕೊಂಡು ಇಳಿದಿದ್ದರೆ, ಅದರೊಳಗಿನ ಮಣ್ಣನ್ನು ಮೊದಲು ಪ್ರತ್ಯೇಕವಾಗಿ ತೆಗೆಯಬೇಕು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಕಲ್ಲುಕೊಡಲಿ, ಬೃಹತ್ ಶಿಲಾ ಸಮಾಧಿ ಮತ್ತು ಆಂಧ್ರ (ಶಾತವಾಹನ ಕಾಲದ) ಸಂಸ್ಕೃತಿಗಳ ಅನುಕ್ರಮವನ್ನು ಗುರುತಿಸಿದ್ದು ಈ ಪದರಗಳ ಬಲದಿಂದಲೇ. ತೆಗೆದ ಮಣ್ಣನ್ನು ಜರಡಿ ಹಿಡಿದು, ಪ್ರತಿ ಪದರದ ಇದ್ದಿಲು, ಸುಟ್ಟ ಕಾಳುಗಳನ್ನು ಬೇರೆಯಾಗಿ ಕಾಯ್ದಿಡಬೇಕು. ಗುಂಡಿಯ ಗೋಡೆಯ ಚಿತ್ರ ಬರೆಯದೆ ಅದನ್ನು ಮುಚ್ಚಕೂಡದು.

ಅವಶೇಷಗಳು ಒಂದು ಮೂಲೆಯಲ್ಲಷ್ಟೇ ಇದ್ದರೆ, ಉದ್ಯಾನಕ್ಕೆಂದು ಹೇಗೂ ಬಿಡಬೇಕಾದ ಜಾಗವನ್ನು ಅಲ್ಲಿಗೇ ಸರಿಸಿ, ಆಳವಾಗಿ ಬೇರಿಳಿಯುವ ಮರಗಳನ್ನು ನೆಡದೆ ಹುಲ್ಲು ಬೆಳೆಸುವುದು ನನ್ನ ಮಟ್ಟಿಗೆ ಪೂರ್ಣ ಉತ್ಖನನಕ್ಕಿಂತ ಮೇಲು. ಅದು ಸಾಧ್ಯವಾಗದಿದ್ದರೆ, ಪಾಯ ಇಳಿಯುವಷ್ಟು ನೆಲವನ್ನಾದರೂ ಪೂರ್ತಿ ಅಗೆದು ದಾಖಲಿಸಬೇಕು. ಪಾಯ ತೋಡುವಾಗ ನಾಣ್ಯ, ಒಡವೆ ಸಿಕ್ಕರೆ, ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ 1962ರ ಕರ್ನಾಟಕ ನಿಕ್ಷೇಪ ನಿಧಿ ಕಾಯ್ದೆ ಅನ್ವಯಿಸುತ್ತದೆ. ಜೆಸಿಬಿ ಚಾಲಕರಿಗೆ ಇದನ್ನು ಮೊದಲ ದಿನವೇ ಹೇಳಿರಬೇಕು.