ಮೂರನೆಯ ಸಿಲಿಂಡರ್ ಮತ್ತು ಯಾರೋ ಬಿಚ್ಚಿ ಎಸೆದ ತಗಡುಗಳು

ಹದಿನಾಲ್ಕು ತಿಂಗಳಲ್ಲಿ ನಮ್ಮ ಹಳೆಯ ಕಾರಿನ ಒಂದೇ ವಾಲ್ವ್ ಎರಡು ಸಲ ಸುಟ್ಟುಹೋಯಿತು. ಎರಡು ಸಲವೂ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್, ಎಂದರೆ ಸುಟ್ಟ ಹೊಗೆಯನ್ನು ಹೊರಬಿಡುವ ವಾಲ್ವ್. ಮೊದಲ ಸಲ ಮಡಗಾಂವ್‌ನ ಗ್ಯಾರೇಜಿನವರು ಹೊಸದನ್ನು ಹಾಕಿಕೊಟ್ಟು, "ಹಳೆಯ ಗಾಡಿ, ಬಾಯೀ, ಹೀಗೆಯೇ ಆಗುತ್ತದೆ" ಎಂದರು. ಎರಡನೆಯ ಸಲವೂ ಅದೇ ಮಾತು ಬಂದಾಗ ನನಗೆ ಒಪ್ಪಿಗೆಯಾಗಲಿಲ್ಲ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಭೌತವಿಜ್ಞಾನ ಕಲಿಸಿದವಳು ನಾನು. ಉಳಿದ ಮೂರು ಸಿಲಿಂಡರುಗಳಿಗೂ ಅಷ್ಟೇ ವಯಸ್ಸಾಗಿತ್ತಲ್ಲ, ಅವಕ್ಕಿಲ್ಲದ ಕಾಯಿಲೆ ಇದೊಂದಕ್ಕೇ ಏಕೆ?

ಕಾರು 1961ರ ಆರಂಭದ ಫೋಕ್ಸ್‌ವ್ಯಾಗನ್ ಬೀಟಲ್. ನಮ್ಮ ಬೀದಿಯ ಮಕ್ಕಳಿಗೆ ಆಮೆ ಕಾರು. ಭಾರತದ ಉಳಿದೆಡೆ ಅಂಬಾಸಿಡರ್, ಫಿಯೆಟ್ ಬಿಟ್ಟರೆ ಆಯ್ಕೆಯೇ ಕಡಿಮೆ ಇದ್ದ ಆ ಕಾಲದಲ್ಲಿ ಪೋರ್ಚುಗೀಸರ ಗೋವಾಕ್ಕೆ ಯುರೋಪಿನ ಕಾರುಗಳು ನೇರವಾಗಿ ಹಡಗಿನಲ್ಲಿ ಬಂದಿಳಿಯುತ್ತಿದ್ದವು. ನಮ್ಮದೂ ಹಾಗೆ ಬಂದದ್ದು. ಅದೇ ವರ್ಷದ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆಯಾಯಿತು. ಗಣಿ ಕಚೇರಿಯಲ್ಲಿದ್ದ ನಮ್ಮ ಯಜಮಾನರು ನಿವೃತ್ತರಾದ ವರ್ಷ, ಲೌಟೋಲಿಂನ ಒಂದು ಹಳೆಯ ಮನೆಯವರಿಂದ ಅದನ್ನು ಕೊಂಡರು. ಅವರಿಗೆ ಓಡಿಸುವ ಆಸೆ, ನನಗೆ ಬಿಚ್ಚಿ ನೋಡುವ ಆಸೆ. ಶಿರಸಿಯ ನಮ್ಮ ತವರಿನಲ್ಲಿ ಅಡಿಕೆ ತೋಟದ ಪಂಪಿನ ಎಂಜಿನ್ ಕೆಟ್ಟಾಗಲೆಲ್ಲ ಅಪ್ಪನ ಪಕ್ಕದಲ್ಲಿ ಪಾನಾ ಹಿಡಿದು ಕುಳಿತವಳಿಗೆ ಆ ಆಸೆ ಹೊಸದಲ್ಲ.

ಎಂಜಿನ್ 1192 ಸಿ.ಸಿ., 34 ಅಶ್ವಶಕ್ತಿ, ಹಿಂಬದಿಯಲ್ಲಿದೆ. ರೇಡಿಯೇಟರ್ ಇಲ್ಲ, ನೀರಿಲ್ಲ. ಡೈನಮೋದ ಶಾಫ್ಟಿಗೆ ಕೂರಿಸಿದ ಒಂದು ಫ್ಯಾನ್ ಗಾಳಿಯನ್ನು ಒಳಗೆಳೆದು ಸಿಲಿಂಡರುಗಳ ಮೇಲೆ ಊದುತ್ತದೆ. ಎಣ್ಣೆ ತಂಪಾಗಿಸುವ ಆಯಿಲ್ ಕೂಲರ್ ಕೂಡ ಅದೇ ಫ್ಯಾನಿನ ತಗಡಿನ ಗೂಡಿನೊಳಗೆ ನಿಂತಿದೆ. ಎಲ್ಲಿ ನಿಂತಿದೆ ಎನ್ನುವುದೇ ಮುಖ್ಯ. ಮೂರನೆಯ ಸಿಲಿಂಡರಿನ ನೆತ್ತಿಯ ಮೇಲೆ. ಆ ಸಿಲಿಂಡರಿಗೆ ತಲುಪುವ ಗಾಳಿ ಕೂಲರಿನ ಮೂಲಕ ಹಾದು, ಮೊದಲೇ ಬಿಸಿಯಾಗಿ ಬರುತ್ತದೆ. ಇದು ತಯಾರಕರಿಗೂ ಗೊತ್ತಿತ್ತು. ಮೂರನೆಯ ಸಿಲಿಂಡರಿಗೆ ಮಾತ್ರ ಕಿಡಿ ಸ್ವಲ್ಪ ತಡವಾಗಿ ಬೀಳುವಂತೆ ಅವರು ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ರೂಪಿಸಿದ್ದರು. ಮುಂದೆ ಎಪ್ಪತ್ತರ ದಶಕದ ಎಂಜಿನ್‌ಗಳಲ್ಲಿ ಕೂಲರನ್ನೇ ಪಕ್ಕಕ್ಕೆ ಸರಿಸಿದರು.

ಹಾಗಾದರೆ ಅದು ಹುಟ್ಟಿನಿಂದಲೇ ಬಿಸಿ ತಾಳುವ ಸಿಲಿಂಡರ್. ಆದರೂ ಲೋಕದಲ್ಲಿ ಲಕ್ಷಗಟ್ಟಲೆ ಬೀಟಲ್‌ಗಳು ಹೀಗೆ ಸುಡದೆ ಓಡಿವೆ. ನಮ್ಮದರಲ್ಲಿ ಏನೋ ಕಡಿಮೆಯಾಗಿರಬೇಕು ಎಂದುಕೊಂಡು ಎಂಜಿನ್ ಇಳಿಸಲು ನಿಶ್ಚಯಿಸಿದೆ.

ಇಳಿಸುವುದು ಕೇಳಿದಷ್ಟು ಕಷ್ಟವಲ್ಲ. ಗೇರ್‌ಬಾಕ್ಸಿಗೆ ಅದನ್ನು ಹಿಡಿದಿರುವುದು ನಾಲ್ಕೇ ಬೋಲ್ಟು. ಬ್ಯಾಟರಿ, ಪೆಟ್ರೋಲ್ ಪೈಪು, ಆಕ್ಸಿಲರೇಟರ್ ಕೇಬಲ್, ಹೀಟರ್ ಕೇಬಲ್, ವೈರುಗಳನ್ನು ಬಿಡಿಸಿ, ಕಾರಿನ ಹಿಂಭಾಗವನ್ನು ಎತ್ತರಕ್ಕೆ ಎತ್ತಿ ಎಂಜಿನನ್ನು ಜಾಕಿನ ಮೇಲೆ ಹಿಂದಕ್ಕೆಳೆದರೆ ಬರುತ್ತದೆ. ಜೊತೆಗೆ ಕೈಹಾಕಿದವನು ವಾಸ್ಕೋದ ಬೈನಾದಲ್ಲಿ ವೆಲ್ಡಿಂಗ್ ಕೆಲಸ ಮಾಡುವ ರಾಣೆಬೆನ್ನೂರಿನ ಹುಡುಗ. ಅವನ ಮಗಳು ನನ್ನ ವಿದ್ಯಾರ್ಥಿನಿ. ಬೀಟಲನ್ನು ಅವನು ಮುಟ್ಟಿದ್ದು ಅದೇ ಮೊದಲು. ಆದರೆ ತಗಡಿನ ವಿಷಯದಲ್ಲಿ ಅವನ ಕಣ್ಣು ನನ್ನದಕ್ಕಿಂತ ಚುರುಕು. ಎಂಜಿನ್ ಕೆಳಗಿಳಿದ ಮೇಲೆ ಸುತ್ತ ಒಂದು ಸುತ್ತು ಬಂದು ಕೇಳಿದ: "ಅಕ್ಕಾರೆ, ಇಲ್ಲಿ ಸ್ಕ್ರೂ ತೂತುಗಳಿವೆ, ಸ್ಕ್ರೂಗಳಿಲ್ಲ. ಇಲ್ಲಿ ಏನಿತ್ತು?"

ಅಲ್ಲಿ ತಗಡುಗಳಿದ್ದವು. ಎಂಜಿನ್ ಸುತ್ತ ಹಾಸುವ ಈ ತಗಡುಗಳೂ ಅವುಗಳ ಅಂಚಿನ ರಬ್ಬರ್ ಪಟ್ಟಿಯೂ ಎಂಜಿನ್ ಕೋಣೆಯನ್ನು ಮೇಲು ಕೆಳಗೆಂದು ಎರಡಾಗಿ ಕಟ್ಟುತ್ತವೆ. ಮೇಲೆ ಫ್ಯಾನ್ ಕುಡಿಯುವ ತಣ್ಣನೆಯ ಗಾಳಿ, ಕೆಳಗೆ ಸೈಲೆನ್ಸರಿನ ಸುಡುಗಾಳಿ. ನಮ್ಮ ಕಾರಿನಲ್ಲಿ ಹಿಂದಿನ ತಗಡೂ ಎಡಬದಿಯದೂ ಇರಲಿಲ್ಲ, ರಬ್ಬರ್ ಪಟ್ಟಿಯ ಗುರುತೂ ಇರಲಿಲ್ಲ. ಯಾವುದೋ ರಿಪೇರಿಯಲ್ಲಿ ಯಾರೋ, ಸ್ಪಾರ್ಕ್ ಪ್ಲಗ್ಗಿಗೆ ಕೈ ಸುಲಭವಾಗಿ ಹೋಗಲೆಂದು, ಬಿಚ್ಚಿ ಎಸೆದಿರಬೇಕು. ಫ್ಯಾನ್ ತಾನು ಹೊರಹಾಕಿದ ಬಿಸಿಯನ್ನೇ ಮತ್ತೆ ಮತ್ತೆ ಕುಡಿಯುತ್ತಿತ್ತು. ಎಲ್ಲಕ್ಕೂ ಬಿಸಿ ಹೆಚ್ಚಿದಾಗ, ಮೊದಲೇ ಅಂಚಿನಲ್ಲಿದ್ದ ಮೂರನೆಯದು ಸೋತಿತು. ಆ ಸಂಜೆ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಎಂಜಿನ್ ಹಳೆಯದಾಗಿದೆ ಎಂದು ಅದರ ಮೇಲೆ ಹೊರಿಸಿದ್ದ ತಪ್ಪು ಅದರದ್ದಾಗಿರಲಿಲ್ಲ.

ರಟ್ಟಿನಲ್ಲಿ ಅಳತೆ ಕತ್ತರಿಸಿ, ಕೂರಿಸಿ, ತಿದ್ದಿ, ಮತ್ತೆ ಕೂರಿಸಿ ಮಾದರಿ ಮಾಡಿಕೊಂಡೆವು. ಹಳೆಯ ಎಣ್ಣೆ ಡ್ರಮ್ಮಿನ ತಗಡಿನಲ್ಲಿ ಅವನು ಅವನ್ನು ಬಡಿದು ತೆಗೆದ. ಎಡಬದಿಯದು ಮೂರನೆಯ ಪ್ರಯತ್ನಕ್ಕೆ ಸರಿಯಾಯಿತು. ರಬ್ಬರಿಗೆ ಮೊದಲು ಬಾಗಿಲಿನ ಬೀಡಿಂಗ್ ಹಾಕಿದೆ. ಎರಡೇ ತಿಂಗಳಲ್ಲಿ ಬಿಸಿಗೆ ಒಣಗಿ ಬಿರಿಯಿತು. ಆಮೇಲೆ ಜರ್ಮನಿಯಲ್ಲಿರುವ ಅಕ್ಕನ ಮಗನಿಂದ ಸರಿಯಾದ ಪಟ್ಟಿ ತರಿಸಿದೆ. ಎಲ್ಲದರಲ್ಲೂ ಕೈಗೆ ಸಿಕ್ಕಿದ್ದರಲ್ಲಿ ಹೊಂದಿಸುವ ಜುಗಾಡ್ ನಡೆಯುವುದಿಲ್ಲ, ರಬ್ಬರಿನಲ್ಲಂತೂ ಖಂಡಿತ ಇಲ್ಲ.

ಫ್ಯಾನ್ ಬೆಲ್ಟಿನ ಬಗೆಗೂ ಹೇಳಲೇಬೇಕು. ಇದರ ಬಿಗಿತ ಹೊಂದಿಸುವುದು ಬೆಲ್ಟ್ ಸುತ್ತುವ ಗಾಲಿಯ, ಎಂದರೆ ಪುಲ್ಲಿಯ, ಎರಡು ಹೋಳುಗಳ ನಡುವಿನ ತೆಳು ವಾಷರುಗಳಿಂದ. ಒಳಗಿನದನ್ನು ತೆಗೆದರೆ ಬೆಲ್ಟ್ ಬಿಗಿ, ಸೇರಿಸಿದರೆ ಸಡಿಲ. ತೆಗೆದದ್ದನ್ನು ಕಳೆಯದೆ ಹೊರಬದಿಗೆ ಅದೇ ನಟ್ಟಿನಡಿ ಇಡಬೇಕು. ಡೈನಮೋದ ಕೆಂಪು ದೀಪ ಹೊತ್ತಿಕೊಂಡರೆ ಬೇರೆ ಕಾರಿನಂತೆ "ಮನೆಗೆ ಹೋಗಿ ನೋಡೋಣ" ಎನ್ನುವ ಹಾಗಿಲ್ಲ. ಬೆಲ್ಟ್ ಹರಿದಿದ್ದರೆ ಫ್ಯಾನೂ ನಿಂತಿರುತ್ತದೆ. ಅಲ್ಲೇ ನಿಲ್ಲಿಸಬೇಕು.

ಉಳಿದವು ಸಣ್ಣ ಕೆಲಸಗಳು. 6 ವೋಲ್ಟಿನ ವ್ಯವಸ್ಥೆ, ಹೆಡ್‌ಲೈಟ್ ಹಣತೆಯಂತೆ ಉರಿಯುತ್ತಿತ್ತು. ಅರ್ತ್ ಜೋಡಣೆಗಳ ತುಕ್ಕು ಉಜ್ಜಿದ್ದಕ್ಕೇ ಬೆಳಕು ಬಂತು. ಹಿಂದಿನ ಸೀಟಿನಡಿಯ ಬ್ಯಾಟರಿಯ ಆಸಿಡ್, ಗೋವಾದ ಮಳೆ ಎರಡೂ ಸೇರಿ ತಿಂದಿದ್ದ ನೆಲಕ್ಕೆ ತೇಪೆ ಹಾಕಿಸಿದೆ. ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಈ ಮಾದರಿಯಲ್ಲಿ ಇಲ್ಲವೇ ಇಲ್ಲ. ಎಂಜಿನ್ ತೊದಲತೊಡಗಿದಾಗ ಕಾಲಿನ ಬಳಿಯ ರಿಸರ್ವ್ ಹಿಡಿಯನ್ನು ತಿರುಗಿಸಬೇಕು. ಎಣ್ಣೆ ಹಿಡಿಯುವುದು 2.5 ಲೀಟರ್ ಮಾತ್ರ, ಸೋಸಲು ಒಂದು ಜಾಲರಿ ಬಿಟ್ಟರೆ ಫಿಲ್ಟರ್ ಇಲ್ಲ. ಆದ್ದರಿಂದ 2500 ಕಿ.ಮೀ.ಗೊಮ್ಮೆ ಬದಲಿಸುತ್ತೇನೆ. ಆಗಲೇ, ರಾತ್ರಿಯೆಲ್ಲ ಆರಿದ ಎಂಜಿನ್ ಮೇಲೆ, ವಾಲ್ವ್ ಗ್ಯಾಪುಗಳನ್ನು (ವಾಲ್ವಿಗೂ ಅದನ್ನು ತಳ್ಳುವ ಭಾಗಕ್ಕೂ ನಡುವಿನ ಸಂದು) ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ಒಂದೇ ವಾಲ್ವಿನ ಗ್ಯಾಪ್ ಪ್ರತಿ ಸಲ ಕಿರಿದಾಗುತ್ತ ಬಂದರೆ ವಾಲ್ವ್ ಉದ್ದಕ್ಕೆ ಹಿಗ್ಗುತ್ತಿದೆ, ಇಲ್ಲವೇ ಅದು ಕೂರುವ ಸೀಟು ತಗ್ಗುತ್ತಿದೆ ಎಂದರ್ಥ. ಸುಡುವ ಮುನ್ನ ವಾಲ್ವ್ ಕೊಡುವ ಸೂಚನೆ ಅದೊಂದೇ.

ಪರೀಕ್ಷೆಗೆಂದು ಮೇ ತಿಂಗಳಲ್ಲೇ ಅನಮೋಡ ಘಾಟಿ ಹತ್ತಿದೆವು. ಲೋಂಡಾ ಮೇಲಿಂದ ಧಾರವಾಡದ ನಾದಿನಿಯ ಮನೆಗೆ ಪ್ರಯಾಣ. ಅದಿರಿನ ಲಾರಿಗಳ ಹಿಂದೆ ಬಹಳ ಹೊತ್ತು ಎರಡನೆಯ ಗೇರಿನಲ್ಲೇ ಏರಿದೆವು. ಮೇಲೆ ತಲುಪಿ ನೆರಳಿನಲ್ಲಿ ನಿಲ್ಲಿಸಿ, ಹಿಂದಿನ ಮುಚ್ಚಳ ತೆರೆದು, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಬೆರಳುಗಳಲ್ಲಿ ಹಿಡಿದೆ. ಹಿಂದಿನ ಬೇಸಿಗೆಯಲ್ಲಿ ಅದನ್ನು ಮುಟ್ಟಿ ಕೈ ಕೊಡವಿಕೊಂಡಿದ್ದೆ. ಈ ಸಲ ಹಿಡಿದುಕೊಂಡೇ ಹತ್ತರವರೆಗೆ ಎಣಿಸಿದೆ. ಯಜಮಾನರೂ ಹಿಡಿದು ನೋಡಿದರು.